‘ನಾವೆಲ್ಲಿ ಹೋಗ್ತೀವ್ರಿ’ ಎಂದ ತಪ್ಪಿಗೆ

ತಂಗಿಯ ಮೇಲೆ ಹೊಟ್ಟೆಕಿಚ್ಚು ಪಡಬಾರದು ಎಂದು ಮೊಮ್ಮಕ್ಕಳಾದ ನಿಮಗೆ ಹೇಳಿಕೊಟ್ಟವಳು ನಾನೇ. ಒಂದು ರಿಬ್ಬನ್ನಿನ ಸಲುವಾಗಿ ನೀವು ಜಡೆ ಹಿಡಿದು ಜಗಳಾಡಿದಾಗ ಒಬ್ಬಳನ್ನು ಪಡಸಾಲೆಯಲ್ಲೂ ಇನ್ನೊಬ್ಬಳನ್ನು ಅಡಿಗೆಮನೆಯಲ್ಲೂ ಕೂರಿಸಿದವಳೂ ನಾನೇ. ಈಗ ನಾನು ನನ್ನ ಸ್ವಂತ ತಂಗಿಯ ಮೇಲೆ ಪಟ್ಟದ್ದನ್ನು ಬರೆಯುತ್ತಿದ್ದೇನೆ. ಓದಿ ನಗುವುದಾದರೆ ನಗಿರಿ. ಆದರೆ ಆ ತಂಗಿಯ, ಅಂದರೆ ನಿಮ್ಮ ಸಣ್ಣಾಯಿಯ, ಎದುರು ಓದಬೇಡಿ. ಅವಳಿಗೆ ಅರ್ಧ ಗೊತ್ತು. ಉಳಿದರ್ಧವೂ ಗೊತ್ತಾದರೆ ನನ್ನನ್ನು ಬದುಕಗೊಡುವುದಿಲ್ಲ.

ನಮ್ಮಿಬ್ಬರ ತವರು ಸುರಪುರದ ಕಡೆ. ನಮ್ಮಪ್ಪ ಇಬ್ಬರನ್ನೂ ಒಂದೇ ಹಂದರದಲ್ಲಿ ಮದುವೆ ಮಾಡಿದ. ನನ್ನನ್ನು ಹಳ್ಳದ ಈಚೆಯ ಊರಿಗೆ ಕೊಟ್ಟ, ಅವಳನ್ನು ಹಳ್ಳದ ಆಚೆಯ ಊರಿಗೆ. ನಡುವೆ ಮೂರು ಕಿಲೋಮೀಟರ್ ದಾರಿ. ಅಕ್ಕತಂಗಿಯರು ಒಬ್ಬರಿಗೊಬ್ಬರು ಆಗಿರಲಿ ಎಂದು ಹಾಗೆ ಮಾಡಿದ. ಪಾಪ, ಅವನಿಗೆ ಏನು ಗೊತ್ತಿತ್ತು.

ಆಚೆಯ ಊರು ದೊಡ್ಡದು. ಅಲ್ಲಿ ಹೈಸ್ಕೂಲಿದೆ, ಎರಡು ಕಿರಾಣಿ ಅಂಗಡಿಗಳಿವೆ, ಸೂಜಿ ಚುಚ್ಚುವ ಡಾಕ್ಟರನೂ ಇದ್ದಾನೆ. ನಮ್ಮದು ನೂರು ಮನೆಯೂ ತುಂಬದ ಊರು. ಅದರಲ್ಲೂ ಹತ್ತಿ ಬಿಡಿಸುವುದು ಮುಗಿದ ಮೇಲೆ ಕಾಲು ಭಾಗದ ಮನೆಗಳಿಗೆ ಬೀಗ. ಗಂಡ ಹೆಂಡತಿ ಮಕ್ಕಳೊಂದಿಗೆ ಪುಣೆ ಕಡೆ ದುಡಿಯಲು ಹೋದರೆ ಮತ್ತೆ ಮಳೆ ಬಿದ್ದಾಗಲೇ ಬರುವುದು. ಹಾಗಾಗಿ ನಮ್ಮ ಊರಿನಲ್ಲಿ ಎಷ್ಟು ಮಂದಿ ಇದ್ದಾರೆ ಎಂದು ಯಾರಾದರೂ ಕೇಳಿದರೆ ಯಾವ ತಿಂಗಳು ಎಂದು ನಾವೇ ತಿರುಗಿ ಕೇಳಬೇಕು.

ಇಷ್ಟಿದ್ದರೂ ನನಗೆ ಮೊದಲು ಹೊಟ್ಟೆಕಿಚ್ಚು ಇರಲಿಲ್ಲ. ಅವಳ ಮನೆ ದೊಡ್ಡದಾದರೆ ನಮ್ಮದು ತಂಪು. ಅವಳಿಗೆ ಇಬ್ಬರು ಗಂಡುಮಕ್ಕಳಾದರೆ ನನಗೊಬ್ಬ ಮಗ, ಅವನಿಗೆ ನೀವಿಷ್ಟು ಮಂದಿ. ಲೆಕ್ಕ ಸರಿಯಾಗಿಯೇ ಇತ್ತು. ಅವಳ ಊರಿಗೆ ಬಸ್ಸು ಬಂದು ನಮ್ಮ ಊರಿಗೆ ಬರದೇ ಹೋದಾಗಲೇ ತಕ್ಕಡಿ ಒಂದು ಕಡೆ ವಾಲಿತು.

ಅದೂ ಎಂಥ ಬಸ್ಸು, ವಸ್ತಿ ಬಸ್ಸು. ಸಂಜೆ ಶಹಾಪುರದಿಂದ ಬಂದು ರಾತ್ರಿ ಅಲ್ಲೇ ತಂಗಿ ಬೆಳಿಗ್ಗೆ ಹೊರಡುವ ಬಸ್ಸು. ಅದು ನಿಲ್ಲುವುದು ನನ್ನ ತಂಗಿಯ ಮನೆಯ ಎದುರಿನ ಬೇವಿನ ಗಿಡದ ಕೆಳಗೆ. ಡ್ರೈವರ್ ಮುಖ ತೊಳೆಯುವುದು ಅವಳ ಮನೆಯ ನಳದಲ್ಲಿ. ಕಂಡಕ್ಟರ್ ಊಟಕ್ಕೆ ಉಪ್ಪಿನಕಾಯಿ ಬೇಕೆಂದರೆ ಕೇಳುವುದು ಅವಳನ್ನು. ಬಸ್ಸು ಬಂದು ತಿಂಗಳು ತುಂಬುವುದರೊಳಗೆ ಅವಳು ಗಡಿಯಾರ ನೋಡುವುದನ್ನೇ ಬಿಟ್ಟಳು.

“ಬಸ್ಸು ಬರೂದ್ರಾಗ ಪಲ್ಯ ಇಳಿಸಿದ್ದೆ ನೋಡಕ್ಕ,” ಎನ್ನುವಳು. “ಮೊನ್ನೆ ಬಸ್ಸು ಹೋದ ಮ್ಯಾಲ ಎಮ್ಮಿ ಈತು,” ಎನ್ನುವಳು. ನಮ್ಮ ಮನೆಗೆ ಬಂದರೆ ಕುಳಿತಲ್ಲಿ ಕೂರುತ್ತಿರಲಿಲ್ಲ. “ಹೊಂಡ್ತೀನಕ್ಕ. ನಮ್ಮ ಬಸ್ಸು ಬರೂ ಹೊತ್ತಾತು.”

“ಅದು ಬಂದ್ರ ನಿನಗೇನು? ನೀನೇನು ಡ್ರೈವರಾ?”

“ಹಂಗಲ್ಲಬೇ. ಬಂದದ್ದು ನೋಡದಿದ್ರ ಏನೋ ಮರತಂಗ ಆಗ್ತದ.”

ನಮ್ಮ ಬಸ್ಸು! ಆ ಎರಡು ಮಾತು ಕೇಳಿದಾಗಲೆಲ್ಲ ನನ್ನ ಎದೆಯೊಳಗೆ ಹಸಿ ಮೆಣಸಿನಕಾಯಿ ಅರೆದಂತೆ ಆಗುತ್ತಿತ್ತು. ಯಾಕೆಂದರೆ ಆ ಬಸ್ಸು ನಮಗೂ ಬರಬೇಕಾಗಿತ್ತು. ಬರದಂತೆ ಮಾಡಿದವಳು ನಾನೇ. ಇದು ನಿಮ್ಮ ಅಪ್ಪನಿಗೂ ಪೂರ್ತಿ ಗೊತ್ತಿಲ್ಲ.

ಆದದ್ದು ಹೀಗೆ. ಕೊರೊನಾ ಎಲ್ಲ ಮುಗಿದು ಊರು ಸುಧಾರಿಸಿಕೊಂಡ ಮೇಲೆ ಎರಡೂ ಊರಿನವರು ಬಸ್ಸು ಬೇಕೆಂದು ಅರ್ಜಿ ಕೊಟ್ಟಿದ್ದರು. ಅಲ್ಲಿಯವರೆಗೆ ಆಚೆಯ ಊರಿನಿಂದ ಹೊರಡುವ ಟಂಟಂ ಆಟೋ ಒಂದೇ ಗತಿ. ಮೂರು ಮಂದಿ ಕೂರುವ ಜಾಗದಲ್ಲಿ ಏಳು ಮಂದಿ, ಹಿಂದೆ ಜೋತುಬಿದ್ದವರು ಬೇರೆ. ನಾವು ಹಳ್ಳ ದಾಟಿ ನಡೆದು ಹೋಗಿ ಅದನ್ನೇ ಹತ್ತುತ್ತಿದ್ದೆವು. ಅರ್ಜಿ ಹೋದ ಮೇಲೆ ಶಹಾಪುರದಿಂದ ಒಬ್ಬ ಸಾಹೇಬ ಹಾಳೆ ಹಿಡಿದು ವಿಚಾರಿಸಲು ಬಂದ. ಹಣಮಪ್ಪನ ಗುಡಿಯ ಕಟ್ಟೆಯ ಮೇಲೆ ಕುಳಿತ. ಸುತ್ತ ನಮ್ಮ ಊರಿನ ಗಂಡಸರು. ನಡುವೆ ನನ್ನ ಭಾವ, ಅಂದರೆ ನನ್ನ ಗಂಡನ, ನಿಮ್ಮ ಮುತ್ಯಾನ, ಅಣ್ಣ.

ಗಂಡಸರನ್ನು ಕೇಳಿದಾಗ ಅವರು, “ನಮಗೇನ್ರಿ, ಮನಿಗೊಂದು ಗಾಡಿ ಅದಾವ,” ಎಂದು ಮೋಟಾರ್ ಸೈಕಲ್ಲುಗಳತ್ತ ಕೈ ತೋರಿಸಿದರು. ಬಡಾಯಿ. ಅದರಲ್ಲಿ ಅರ್ಧ ಕೆಟ್ಟು ನಿಂತವು. ಆಗ ಸಾಹೇಬ ನಳದ ಹತ್ತಿರ ಕೊಡ ಹಿಡಿದು ನಿಂತಿದ್ದ ನಮ್ಮ ಕಡೆ ತಿರುಗಿದ. ನಾವು ಏಳೆಂಟು ಹೆಂಗಸರಿದ್ದೆವು. ವಯಸ್ಸಿನಲ್ಲಿ ನಾನೇ ದೊಡ್ಡವಳು.

“ಅಮ್ಮಾರ, ಬಸ್ ಬಿಟ್ರ ತಿಂಗಳಿಗೆ ಎಷ್ಟು ಸಲ ಹೋಗ್ತೀರಿ? ಸಂತಿಗೆ, ದವಾಖಾನಿಗೆ, ಬೀಗರ ಊರಿಗೆ?”

ನಾನು ಸೆರಗು ಎಳೆದುಕೊಂಡು ನೆಲ ನೋಡುತ್ತ ಹೇಳಿದೆ, “ನಾವೆಲ್ಲಿ ಹೋಗ್ತೀವ್ರಿ? ನಮ್ದೇನದ, ಮನಿ ಆತು, ಹೊಲ ಆತು.”

ಆಗ ನಿಮ್ಮ ಮುತ್ಯಾ ತೀರಿ ಎರಡು ವರ್ಷವಾಗಿತ್ತು. ಗಂಡ ಹೋದ ಮೇಲೆ ಹೆಂಗಸು ಊರೂರು ತಿರುಗುತ್ತಾಳೆ ಎನ್ನಿಸಿಕೊಳ್ಳುವುದಕ್ಕಿಂತ ದೊಡ್ಡ ಅಂಜಿಕೆ ನನಗೆ ಇರಲಿಲ್ಲ. ನಮ್ಮಲ್ಲಿ ಒಳ್ಳೆಯ ಮನೆತನದ ಹೆಂಗಸು ಎಲ್ಲಿಗೆ ಹೋಗುತ್ತಿ ಎಂದು ಕೇಳಿದರೆ ಎಲ್ಲಿಗೂ ಇಲ್ಲ ಎನ್ನಬೇಕು. ಅದು ರೂಢಿ. ಕೈಯಲ್ಲಿ ಚೀಲ ಹಿಡಿದು ಹಳ್ಳ ದಾಟುತ್ತಿದ್ದರೂ, “ಇಲ್ಲೇ ಹೊಂಟೀನಿ,” ಎನ್ನಬೇಕು. ನಾನು ಆ ಮಾತು ಹೇಳಿದಾಗ ಕಂಕುಳಲ್ಲಿದ್ದ ಕೊಡವನ್ನು ಹಿಂದಿನ ವಾರ ಶಹಾಪುರದ ಸಂತೆಯಿಂದ ನಾನೇ ಆರಿಸಿ ತಂದಿದ್ದೆ. ಅದಕ್ಕೂ ಹಿಂದಿನ ವಾರ ಕಣ್ಣು ತೋರಿಸಲು ಯಾದಗಿರಿಗೆ ಹೋಗಿದ್ದೆ. ಸಾಹೇಬನಿಗೆ ಅದೆಲ್ಲ ಹೇಗೆ ಗೊತ್ತಾಗಬೇಕು?

ಭಾವ ತಲೆಯಾಡಿಸಿ, “ನಮ್ಮ ಹೆಣಮಕ್ಕಳು ಹಂಗ ತಿರುಗಾವ್ರಲ್ರಿ ಸಾಹೇಬ್ರ,” ಎಂದರು. ಹೊಗಳಿಕೆ ಎಂದು ನನ್ನ ಕಿವಿ ಬೆಚ್ಚಗಾಯಿತು. ನಾನು ಹಾಗೆ ಹೇಳಿದ ಮೇಲೆ ನನ್ನ ಹಿಂದಿದ್ದವರು ಬೇರೆ ಏನು ಹೇಳಿಯಾರು? “ನಾವೂ ಎಲ್ಲೂ ಹೋಗಂಗಿಲ್ರಿ,” ಎಂದಳು ಒಬ್ಬಳು. “ನಮಗ್ಯಾಕ್ರಿ ಬಸ್ಸು,” ಎಂದಳು ಇನ್ನೊಬ್ಬಳು. ಅವಳ ತವರು ದೋರನಹಳ್ಳಿ, ತಿಂಗಳಿಗೆರಡು ಸಲ ಹೋಗುವವಳು. ಎಲ್ಲರೂ ಸೊನ್ನೆ. ಸಾಹೇಬ ಹಾಳೆ ಮಡಚಿಕೊಂಡು ಹೋದ.

ಅದೇ ದಿನ ಸಂಜೆ ಅವನು ಆಚೆಯ ಊರಿಗೆ ಹೋದಾಗ ನನ್ನ ತಂಗಿ ಏನು ಹೇಳಿದಳೆಂದು ಇಡೀ ಊರಿಗೆ ಗೊತ್ತು. ವಾರಕ್ಕೆರಡು ಸಲ ಶಹಾಪುರ, ಅಮಾವಾಸ್ಯೆಗೊಮ್ಮೆ ಕೊಡೇಕಲ್, ನಾರಾಯಣಪುರದಲ್ಲಿ ಬೀಗರು, ಯಾದಗಿರಿಯಲ್ಲಿ ಹಲ್ಲಿನ ಡಾಕ್ಟರು ಎಂದಳಂತೆ. ಅವಳ ಹಲ್ಲು ಕಬ್ಬು ಸಿಗಿಯುವಂಥವು. ಕೊಡೇಕಲ್ಲಿಗೆ ಹೋದದ್ದು ಮದುವೆಯಾದ ವರ್ಷ, ಒಂದು ಸಲ. ಆದರೂ ಬಾಯಿ ತೆರೆದು ಹೇಳಿದಳು. ಅವಳ ಹಿಂದೆ ಇಡೀ ಓಣಿಯ ಹೆಂಗಸರು ಹೇಳಿದರು. ಬಸ್ಸು ಅಲ್ಲಿಯವರೆಗೆ ಬಂದು ತಿರುಗಿಕೊಂಡಿತು.

ನಮ್ಮ ಊರಿನ ಮಂದಿ ಕಡಿಮೆ, ಅದಕ್ಕೆ ಬಸ್ಸು ಬರಲಿಲ್ಲ ಎಂದು ಎಲ್ಲರೂ ತಿಳಿದರು. ನಾನೂ ಹಾಗೆಯೇ ಹೇಳುತ್ತ ಬಂದೆ.

ಮುಂದೆ ನಿಮ್ಮಲ್ಲಿ ಹಿರಿಯಳು ಹತ್ತನೇ ತರಗತಿ ಪಾಸಾದಳು. ಶಹಾಪುರದಲ್ಲಿ ಪಿಯುಸಿಗೆ ಸೀಟು ಸಿಕ್ಕಿತು. ಬೆಳಿಗ್ಗೆ ಎಂಟೂವರೆಗೆ ಕಾಲೇಜು. ನಿಮ್ಮಪ್ಪ ದಿನಾ ಬಿಟ್ಟು ಬರಲು ಆಗುವುದಿಲ್ಲ, ಮಳೆಗಾಲದ ಕತ್ತಲ ಮುಂಜಾನೆ ಹುಡುಗಿ ಒಬ್ಬಳೇ ಹಳ್ಳದ ದಾರಿಯಲ್ಲಿ ನಡೆಯುವಂತಿಲ್ಲ. ಎಲ್ಲರೂ ಪಡಸಾಲೆಯಲ್ಲಿ ಕುಳಿತು ಏನು ಮಾಡುವುದೆಂದು ಯೋಚಿಸುತ್ತಿದ್ದಾಗ ನನ್ನ ತಂಗಿ ಚಹಾ ಊದಿ ಕುಡಿಯುತ್ತ ಹೇಳಿದಳು.

“ನಮ್ಮ ಮನಿಯಾಗ ಇರ್ಲಿ ಬಿಡಕ್ಕ. ನಮ್ಮ ಬಸ್ಸು ಬಾಗಿಲಿಗೇ ಬರ್ತದ. ಚಪ್ಪಲ್ ಹಾಕ್ಕೊಂಡ್ರ ಬಸ್ಸು, ಬಿಟ್ರ ಮನಿ.”

ಬೇಡ ಎನ್ನಲು ನನ್ನ ಹತ್ತಿರ ಏನಿತ್ತು? ನಿಮ್ಮವ್ವ ಕೂಡ, “ಆಗಲಿ ಚಿಗವ್ವ, ನಿಮ್ಮ ಪುಣ್ಯ,” ಎಂದಳು. ಸೋಮವಾರ ಹುಡುಗಿ ಟ್ರಂಕು ಕಟ್ಟಿಕೊಂಡು ಹೋದಳು. ಹುಟ್ಟಿದ ಹನ್ನೊಂದನೆಯ ದಿನದಿಂದ ನನ್ನ ಮಗ್ಗುಲಲ್ಲಿ ಮಲಗಿದ ಕೂಸು. ಅವಳು ನನ್ನವಳಾಗಿಯೇ ಉಳಿಯಬೇಕು ಎಂಬುದೊಂದೇ ಆಸೆ. ಅವಳು ಓದಲಿ, ದೊಡ್ಡವಳಾಗಲಿ, ಎಲ್ಲ ಆಗಲಿ. ಆದರೆ ರಾತ್ರಿ ಊಟಕ್ಕೆ ನನ್ನ ಮನೆಗೆ ಬರಲಿ.

ಬಂದಳು, ಶನಿವಾರ ಸಂಜೆ. ಜಡೆ ಬೇರೆಯಾಗಿತ್ತು. ನಾನು ಎರಡು ಜಡೆ ಹಾಕಿ ಮೇಲೆ ಮಡಚಿ ಕಟ್ಟುತ್ತಿದ್ದೆ. ಈಗ ಒಂದೇ ಜಡೆ, ಬೆನ್ನಿನ ಮೇಲೆ ಸಡಿಲವಾಗಿ.

“ಯಾರು ಹಾಕಿದ್ದು ಇದು?”

“ಆಯಿ ಹಾಕಿದ್ಳು.”

“ಯಾವ ಆಯಿ?”

“ಅಲ್ಲೀ ಆಯಿ.”

ಹೋಗುವಾಗ ನನ್ನ ತಂಗಿ ಸಣ್ಣಾಯಿ ಆಗಿದ್ದಳು. ಒಂದೇ ವಾರದಲ್ಲಿ ಸಣ್ಣ ಎಂಬುದು ಬಿದ್ದುಹೋಗಿತ್ತು. ಎರಡು ತಿಂಗಳು ಕಳೆಯುವುದರೊಳಗೆ ಅವಳು ಬರೀ ಆಯಿಯಾದಳು. ನಾನು ಊರ ಆಯಿ ಆದೆ. “ಊರ ಆಯಿ ಕಡಿ ಹೋಗಿ ಬರ್ತೀನಿ,” ಎಂದು ಅಲ್ಲಿ ಹೇಳಿ ಬರುತ್ತಿದ್ದಳಂತೆ, ನೆಂಟರ ಮನೆಗೆ ಹೋಗುವವರ ಹಾಗೆ.

ನಾನು ಮಾಡಿದ ಸಣ್ಣತನಗಳನ್ನೂ ಬರೆದುಬಿಡುತ್ತೇನೆ. ರೊಟ್ಟಿಗೆ ನೆಂಚಿಕೊಳ್ಳುವ ಚಟ್ನಿಪುಡಿ, ಶೇಂಗಾ ಹಿಂಡಿ, ಕುಟ್ಟಿ ಡಬ್ಬಿ ತುಂಬಿ ಕಳಿಸಿದೆ. ಮುಂದಿನ ವಾರ ಡಬ್ಬಿ ವಾಪಸು ಬಂತು, ಅದರ ತುಂಬ ಅವಳು ಮಾಡಿದ ಅಗಸಿ ಹಿಂಡಿ. ಅದನ್ನು ನಾನು ಮೂಸಿಯೂ ನೋಡಲಿಲ್ಲ. ಪಕ್ಕದ ಮನೆಯವರಿಗೆ ಕೊಟ್ಟೆ. ಅವರು ಮರುದಿನ ಬಂದು, “ಯವ್ವಾ, ಭಾಳ ಚಲೋ ಆಗ್ಯಾದ, ಯಾರು ಮಾಡ್ಯಾರ?” ಎಂದು ಕೇಳಿದರು. ನಾನೇ ಎಂದೆ. ಅವಳ ಊರಿನ ನೀರು ಸವಳು, ಕೂದಲು ಉದುರುತ್ತವೆ ಎಂದು ಹುಡುಗಿಗೆ ಹೇಳಿದೆ. ಅವಳು ತಂಗಿ ಹೊಲಿಸಿಕೊಟ್ಟ ಚೂಡಿದಾರ ಹಾಕಿಕೊಂಡು ಬಂದರೆ, ಬಣ್ಣ ಕಣ್ಣಿಗೆ ಹೊಡೆಯುತ್ತದೆ ಎಂದೆ. ಅದು ತಿಳಿ ಹಸಿರು. ಯಾರ ಕಣ್ಣಿಗೂ ಹೊಡೆಯುವುದಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಚಳಿಗಾಲದ ಒಂದು ಭಾನುವಾರ ಮಾಡಿದ್ದು. ಸಂಜೆ ನಿಮ್ಮಪ್ಪ ಗಾಡಿ ಹೊರಗೆ ತೆಗೆದಿದ್ದ, ಹುಡುಗಿ ಚೀಲ ಹೆಗಲಿಗೆ ಹಾಕಿದ್ದಳು. ಅವಳು ಬಾಗಿಲು ದಾಟುವಾಗ ಮುಖದಲ್ಲಿ ಏನೋ ಒಂದು ಅವಸರ ಕಂಡೆ. ಅಲ್ಲಿಗೆ ಹೋಗುವ ಅವಸರ. ಆ ಗಳಿಗೆಗೆ ನಾನು ಮೊಣಕಾಲು ಹಿಡಿದುಕೊಂಡು ಕೆಳಗೆ ಕುಳಿತುಬಿಟ್ಟೆ.

“ಯವ್ವಾ... ಕಾಲು ಊರಾಕ ಬರವಲ್ದು.”

ಹುಡುಗಿ ಚೀಲ ಇಳಿಸಿದಳು. ಎಣ್ಣೆ ಕಾಯಿಸಿ ತಂದು ಕಾಲು ತಿಕ್ಕಿದಳು. ಅವತ್ತು ಹೋಗಲಿಲ್ಲ. ಮರುದಿನ ಬೆಳಿಗ್ಗೆ ಅವಳಿಗೆ ಕಾಲೇಜಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ಇತ್ತಂತೆ. ನನಗೆ ಗೊತ್ತಿರಲಿಲ್ಲ, ಅವಳೂ ಹೇಳಲಿಲ್ಲ. ಬಸ್ಸು ತಪ್ಪಿತು. ಮಧ್ಯಾಹ್ನ ನಾನು ಮೆಣಸಿನಕಾಯಿ ಒಣಹಾಕಲು ಮಾಳಿಗೆ ಏಣಿ ಹತ್ತುವುದನ್ನು ಅವಳು ನೋಡಿದಳು. ಬಂದು ಏಣಿ ಅಲುಗದಂತೆ ಹಿಡಿದು ನಿಂತಳು. ಅದೇ ನನಗೆ ಹೆಚ್ಚು ಚುಚ್ಚಿತು.

ವರ್ಷ ಕಳೆಯಿತು. ಅಷ್ಟರಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆಯಾಗಿ ನಮ್ಮ ಊರಿನಲ್ಲೂ ಒಂದು ಹುರುಪು ಬಂದಿತ್ತು. ಆಧಾರ್ ಕಾರ್ಡ್ ಹಿಡಿದು ಮೂರು ಕಿಲೋಮೀಟರ್ ನಡೆದು ಪುಕ್ಕಟೆ ಬಸ್ಸು ಹತ್ತುವ ನಮ್ಮನ್ನು ನೋಡಿ ಆಚೆಯ ಊರಿನ ಹೆಂಗಸರು ನಗುತ್ತಿದ್ದರು. ಮತ್ತೆ ಅರ್ಜಿ ಹೋಯಿತು. ಬೇಸಿಗೆಯಲ್ಲಿ ಮತ್ತೆ ಒಬ್ಬ ಸಾಹೇಬ ಬಂದ. ಅದೇ ಕಟ್ಟೆ, ಅದೇ ನಳ, ಅದೇ ನಾವು.

ಅವತ್ತು ಬೆಳಿಗ್ಗೆ ರೊಟ್ಟಿ ತಟ್ಟುವಾಗಲೇ ನಾನು ಮನಸ್ಸಿನಲ್ಲಿ ಹೇಳಿಕೊಂಡಿದ್ದೆ, ಈ ಸಲ ಬಾಯಿ ತೆರೆಯಬೇಕು ಎಂದು. ಬಸ್ಸು ಇಲ್ಲಿಗೆ ಬಂದರೆ ಹುಡುಗಿ ಅಲ್ಲಿರಬೇಕಾದ ಕಾರಣವಿಲ್ಲ. ಆದರೆ ಕಟ್ಟೆಯ ಮೇಲೆ ಭಾವನ ತಲೆಯ ಪಟಗ ಕಂಡಕೂಡಲೇ ಸೆರಗನ್ನು ಹಣೆಯವರೆಗೆ ಎಳೆದುಕೊಂಡೆ. ನೀವು ನನ್ನನ್ನು ಮನೆಯಲ್ಲಿ ನೋಡುತ್ತೀರಿ, ಹೊರಗಿನ ಗಂಡಸರ ಎದುರು ನನಗೆ ಎಷ್ಟು ನಾಚಿಕೆಯೆಂದು ನಿಮಗೆ ಗೊತ್ತಿಲ್ಲ. ಬ್ಯಾಂಕಿನಲ್ಲಿ ಹೆಸರು ಕೇಳಿದರೂ ಎರಡನೆಯ ಸಲಕ್ಕೆ ಹೇಳುವವಳು ನಾನು.

“ಎಲ್ಲಿಗಾದ್ರೂ ಹೋಗ್ತೀರೇನ್ರಿ ಅಮ್ಮ?” ಎಂದ ಸಾಹೇಬ.

ನಾನು ನಳವನ್ನು ನೋಡುತ್ತ ಶುರು ಮಾಡಿದೆ. “ವಾರಕ್ಕೊಮ್ಮಿ ಶಹಾಪುರದ ಸಂತಿಗೆ ಹೋಗ್ತೀನ್ರಿ. ಪಿಂಚಣಿ ತರಾಕ ಬ್ಯಾಂಕಿಗೆ ಹೋಗ್ತೀನಿ. ಬಿಪಿ ಗುಳಿಗಿಗೆ ದವಾಖಾನಿಗೆ ಹೋಗ್ತೀನಿ. ಸುರಪುರಕ್ಕ ತವರಿಗೆ ಹೋಗ್ತೀನಿ. ಕಣ್ಣು ತೋರಸಾಕ ಯಾದಗಿರಿಗೆ ಹೋಗ್ತೀನಿ. ಆಮ್ಯಾಲ...” ಉಸಿರು ಸಿಗಲಿಲ್ಲ. ನಿಲ್ಲಿಸಿದರೆ ಮತ್ತೆ ಶುರುವಾಗುವುದಿಲ್ಲವೆಂದು ಬಾಯಿಗೆ ಬಂದದ್ದು ಹೇಳಿದೆ. “ಆಮ್ಯಾಲ ರೈಲು ನೋಡಾಕ ಹೋಗ್ತೀನಿ.”

ಗಂಡಸರೆಲ್ಲ ಹೋ ಎಂದು ನಕ್ಕರು.

“ರೈಲು ನೋಡಾಕ?” ಎಂದರು ಭಾವ. “ಏನವಾ ತಂಗಿ, ನೀ ಇಷ್ಟು ತಿರುಗ್ತಿ ಅಂತ ನಮಗ ಗೊತ್ತೇ ಇರಲಿಲ್ಲಲ್ಲ!”

ಸೆರಗಿನೊಳಗಿಂದಲೇ ಅಂದೆ, “ಬಸ್ಸೇ ಇಲ್ಲ ಭಾವ. ಹ್ಯಾಂಗ ಗೊತ್ತಾಗಬೇಕು?”

ಇಷ್ಟು ಹೇಳಿದ್ದೇ ತಡ, ನನ್ನ ಹಿಂದಿದ್ದವರು ಕಟ್ಟೆ ಒಡೆದ ಕಾಲುವೆಯಾದರು. ದೋರನಹಳ್ಳಿಯವಳು ತಿಂಗಳಿಗೆ ಎಂಟು ಸಲ ತವರಿಗೆ ಎಂದಳು. ಇನ್ನೊಬ್ಬಳು ಹತ್ತು ಸಲ ಸಂತೆ, ಹತ್ತು ಸಲ ದವಾಖಾನೆ, ಹನ್ನೆರಡು ಸಲ ಮಗಳ ಊರು ಎಂದಳು. ಸಾಹೇಬ ಪೆನ್ನು ಎತ್ತಿದ. “ಅಮ್ಮಾ, ತಿಂಗಳಿಗೆ ಮೂವತ್ತೇ ದಿನ ಅದಾವ್ರಿ.” ಅವಳು ಹಿಂದೆ ಸರಿಯಲಿಲ್ಲ. “ಒಂದೊಂದು ದಿನ ಎರಡು ಕಡಿ ಹೋಗ್ತೀನ್ರಿ!”

ನಕ್ಕು ಎಲ್ಲ ಬರೆದುಕೊಂಡ ಮೇಲೆ ಅವನು ಒಂದು ಮಾತು ಕೇಳಿದ. “ಕಾಲೇಜ್ ಮಕ್ಕಳ ಬಸ್ ಪಾಸು ಈ ಊರಿಂದ ಎಷ್ಟು ಅದಾವ? ಹುಡುಗ್ಯಾರಿಗೆ ಪುಕ್ಕಟೆ ಇದ್ರೂ ಪಾಸ್ ಇದ್ರ ದಿನಾ ಹೋಗಾವ್ರು ಅಂತ ನಾ ಗಟ್ಟಿಯಾಗಿ ಬರೀಬಹುದು. ಒಂದಾದ್ರೂ ಇರ್ಲಿ.”

ಒಂದೂ ಇರಲಿಲ್ಲ. ಹುಡುಗರು ಗಾಡಿಯ ಮೇಲೆ ಹೋಗುತ್ತಾರೆ. ಊರಿಗೆ ಕಾಲೇಜು ಓದುವ ಹುಡುಗಿ ಒಬ್ಬಳೇ, ಅವಳ ಪಾಸು ಆಚೆಯ ಊರಿನಿಂದ. “ಜೂನ್‌ದಾಗ ಹೊಸ ಪಾಸ್ ಮಾಡಸ್ತಾರಲ್ಲ, ಆವಾಗ ಈ ಊರು ಬರಸ್ರಿ,” ಎಂದು ಹೇಳಿ ಅವನು ಹೋದ.

ಅಂದರೆ ನಾನು ಹೋಗಿ ನನ್ನ ತಂಗಿಯನ್ನು ಕೇಳಬೇಕು, ಹುಡುಗಿಯನ್ನು ಬಿಟ್ಟುಕೊಡು ಎಂದು. ಹದಿನೈದು ದಿನ ಮುಂದೂಡಿದೆ. ಕೊನೆಗೆ ಒಂದು ಮಧ್ಯಾಹ್ನ ಹಳ್ಳ ದಾಟಿ ನಡೆದು ಹೋದೆ. ತಂಗಿ ಪಡಸಾಲೆಯಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಹುಡುಗಿ ಒಳಗೆ ಓದುತ್ತಿದ್ದಳು. ನೀರು ಕುಡಿದು, ಬಿಸಿಲಿನ ಮಾತಾಡಿ, ಕೊನೆಗೆ ವಿಷಯ ಹೇಳಿದೆ. ತಂಗಿ ಮೊರ ಕೆಳಗಿಟ್ಟಳು.

“ಅಂದ್ರ, ನಿಮ್ಮೂರಿಗೆ ಬಸ್ಸು ಬೇಕು ಅಂತ ಈ ಹುಡುಗಿನ್ನ ಇಲ್ಲಿಂದ ಎಬ್ಬಸ್ತಿ.”

“ನನ್ನ ಮೊಮ್ಮಗಳ ನನ್ನ ಮನಿಗೆ ಬರ್ಲಿ ಅಂದ್ರ ಎಬ್ಬಸಿದಂಗಾ?”

“ಆವತ್ತ ಏನಂದಿದ್ದಿ ಸಾಹೇಬನ ಮುಂದ? ಮನಿ ಆತು ಹೊಲ ಆತು! ಆವಾಗ ಬಾಯಾಗ ಏನಿಟ್ಟುಕೊಂಡಿದ್ದಿ?”

ಅವಳಿಗೆ ಗೊತ್ತಿತ್ತು. ಇಷ್ಟು ದಿನ ಗೊತ್ತಿದ್ದೂ ಒಂದು ಮಾತು ಆಡಿರಲಿಲ್ಲ. “ನಿನಗ್ಯಾರು ಹೇಳಿದ್ರು?”

“ಆ ಸಾಹೇಬನೇ ಹೇಳಿದ. ಆ ಊರಿನ ಹಿರೇ ಹೆಂಗಸು ಮನಿ ಆತು ಹೊಲ ಆತು ಅಂದ್ಳು, ಯಾರೂ ಎಲ್ಲೂ ಹೋಗೂದಿಲ್ಲಂತ ಅಂದ. ನಾ ಅಂದೆ, ಯಾರು ಹೇಳ್ಯಾರ್ರಿ, ನಮ್ಮಕ್ಕ ಅದಾಳ, ಆಕಿ ಜೋಡಿ ಹತ್ತು ಮಂದಿ ಅದಾರ, ಎಲ್ಲಾರೂ ಇಲ್ಲಿಗೇ ಬಂದು ಟಂಟಂ ಹತ್ತತಾರ. ಅವರನ್ನೂ ಬರಕೋರಿ ಅಂತ ಹೇಳಿ ಬರಸಿದೆ.”

“ನಮ್ಮನ್ನ? ಎಲ್ಲಿ ಬರಸಿದಿ?”

“ಇಲ್ಲಿ. ನಮ್ಮೂರಿಗೆ. ನಿಮ್ಮೂರಿನ ಹಾಳಿ ಆಗಲೇ ಮಡಚಿ ಇಟ್ಟಿದ್ದ.”

ನಾನು ಎದ್ದು ನಿಂತೆ. ನಮ್ಮ ಹತ್ತು ತಲೆ! ನಾವು ಇಲ್ಲವೆಂದದ್ದನ್ನೆಲ್ಲ ಅವಳು ಎತ್ತಿಕೊಂಡು ತನ್ನ ಊರಿನ ಲೆಕ್ಕಕ್ಕೆ ಹಾಕಿದ್ದಳು. ಅವಳ ಮನೆಯೆದುರಿನ ಆ ಬೇವಿನ ಗಿಡದ ಕೆಳಗೆ ನಿಲ್ಲುವ ಬಸ್ಸಿನಲ್ಲಿ ನಮ್ಮ ಪಾಲೂ ಇತ್ತು.

“ಕಳ್ಳಿ! ನಮ್ಮ ತಲಿ ತಗೊಂಡು ನೀ ಬಸ್ಸು ತಂದುಕೊಂಡ್ಯಾ? ಅದರ ಮ್ಯಾಲ ನಮ್ಮ ಬಸ್ಸು, ನಮ್ಮ ಬಸ್ಸು ಅಂತ ನನ್ನ ಮುಂದ ಮೆರದ್ಯಾ?”

“ನೀ ಚೆಲ್ಲಿದ್ದು ನಾ ಆರಿಸಿಕೊಂಡೆ. ಇಲ್ಲಂದ್ರ ಎರಡೂ ಊರಿಗೆ ಬರ್ತಿರಲಿಲ್ಲ. ಸುಳ್ಳು ಹೇಳಿದಾಕಿ ನೀನು, ಖರೇ ಹೇಳಿದಾಕಿ ನಾನು!”

“ಕೊಡೇಕಲ್ಲಿಗೆ ಅಮಾವಾಸಿಗೊಮ್ಮಿ ಹೋಗೂದು ಖರೇನಾ? ಹಲ್ಲಿನ ಡಾಕ್ಟರು ಖರೇನಾ?”

ಅದಕ್ಕೆ ಅವಳು ಉತ್ತರ ಕೊಡುವ ಮೊದಲೇ ಹುಡುಗಿ ಒಳಗಿಂದ ಬಂದಳು. ಕೈಯಲ್ಲಿ ಪಾಸಿನ ಅರ್ಜಿ. ಇಬ್ಬರ ನಡುವೆ ನಿಂತು, “ಮುಗೀತಾ?” ಎಂದಳು. “ಯಾವ ಊರು ಬರೀಲಿ ಹೇಳ್ರಿ. ನಾಳಿ ಆನ್‌ಲೈನ್ ಅಂಗಡಿಗೆ ಕೊಡಬೇಕು.”

ನಾನು ತಂಗಿಯ ಮುಖ ನೋಡಿದೆ. ಅವಳು ಮೊರದ ಬೇಳೆಯಲ್ಲಿ ಕಲ್ಲು ಹುಡುಕುತ್ತಿದ್ದಳು. ಅದರಲ್ಲಿ ಕಲ್ಲು ಇರಲಿಲ್ಲ, ಆಗಲೇ ಹಸನಾಗಿತ್ತು. ತಲೆ ಎತ್ತದೆ ಹೇಳಿದಳು, “ಅವರೂರೇ ಬರಿ.”

ಹುಡುಗಿ ಬರೆಯಲಿಲ್ಲ. ನನ್ನ ಕಡೆ ತಿರುಗಿದಳು. “ಆಯಿ, ಒಂದು ಮಾತು ಕೊಡು. ಮೊಣಕಾಲು ನೋವು ಅಂತ ಮತ್ತ ಕುಂದ್ರಬಾರದು. ಆವತ್ತ ನನ್ನ ಪ್ರಾಕ್ಟಿಕಲ್ ಹೋತು. ಮತ್ತೊಮ್ಮಿ ಮಾಡಿಸ್ರಿ ಅಂತ ಸರ್ ಮುಂದ ಅತ್ತೀನಿ ನಾ.”

ತಂಗಿ ಸರ್ರನೆ ತಲೆ ಎತ್ತಿದಳು. “ಆವತ್ತ ಕಾಲು ನೋವು ಸುಳ್ಳಾ?”

ನಾನು ಸೆರಗಿನ ತುದಿ ಹಿಂಡುತ್ತ ನಿಂತೆ. ಅವಳಿಂದ ಬೈಗುಳ ಬರುತ್ತದೆಂದು ಕಾದೆ. ಬಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬಾಯಿಗೆ ಸೆರಗು ಹಿಡಿದು ನಗತೊಡಗಿದಳು. “ಏ ನಮ್ಮಕ್ಕಾ! ನಾ ಆ ಕಾಲಿಗೆ ಸುರಪುರದಿಂದ ಮುಲಾಮು ತರಿಸಿ ಕೊಟ್ಟೀನಲ್ಲೇ!” ನಗು ತಡೆಯಲಾರದೆ ಕಣ್ಣಲ್ಲಿ ನೀರು ಬಂತು. ಆ ನೀರು ಬರೀ ನಗುವಿನದೋ ಅಲ್ಲವೋ ನನಗೆ ಈಗಲೂ ಗೊತ್ತಿಲ್ಲ. ಆಗ ನನಗನಿಸಿದ್ದು ಒಂದೇ: ಹುಡುಗಿಯನ್ನು ಬಿಟ್ಟುಕೊಡುವಾಗಲೂ ಇವಳಿಗೆ ನಗಲು ಬರುತ್ತದಲ್ಲ. ನನಗೆ ಬರುತ್ತಿರಲಿಲ್ಲ. ಅದಕ್ಕೂ ನನಗೆ ಹೊಟ್ಟೆ ಉರಿಯಿತು.

ನಾನು ಮಾತು ಕೊಟ್ಟೆ. ಹುಡುಗಿ ಅರ್ಜಿಯಲ್ಲಿ ನಮ್ಮ ಊರಿನ ಹೆಸರು ಬರೆದಳು.

ಎರಡು ತಿಂಗಳಿಗೆ ಒಪ್ಪಿಗೆ ಬಂತು. ಆದರೆ ಒಂದು ತಿಂಗಳು ನೋಡುತ್ತಾರಂತೆ. ವಸ್ತಿ ಬಸ್ಸು ಬೆಳಿಗ್ಗೆ ಅಲ್ಲಿಂದ ಮೊದಲು ನಮ್ಮ ಊರಿಗೆ ಬಂದು, ತಿರುಗಿ ಅವರ ಊರಿನ ಮೇಲೆ ಶಹಾಪುರಕ್ಕೆ ಹೋಗುವುದು. ಸಂಜೆ ಹಾಗೆಯೇ ವಾಪಸು. ನಮ್ಮ ಊರಿನಿಂದ ಎಷ್ಟು ಟಿಕೆಟ್ ಹರಿದಿದೆ ಎಂದು ನೋಡಿ, ಸಾಲದಿದ್ದರೆ ನಿಲ್ಲಿಸುವುದು. ಅಷ್ಟರೊಳಗೆ ಹುಡುಗಿ ಟ್ರಂಕು ತಂದು ನನ್ನ ಮಗ್ಗುಲಿನ ಜಾಗದಲ್ಲಿ ಇಟ್ಟಿದ್ದಳು. ಬಸ್ಸು ನಿಂತರೆ ಟ್ರಂಕೂ ಹೊರಡುತ್ತದೆ ಎಂದು ನನಗೆ ಗೊತ್ತಿತ್ತು.

ಮೊದಲ ದಿನ ನಸುಕಿನಲ್ಲೇ ಊರಿಗೆ ಊರೇ ಸೇರಿತ್ತು. ಭಾವ ತೆಂಗಿನಕಾಯಿ ಹಿಡಿದಿದ್ದರು. ನನ್ನ ಕೈಯಲ್ಲಿ ಚೆಂಡುಹೂವಿನ ಹಾರ; ಹಿರಿಯಳೆಂದು ನನಗೇ ಕೊಟ್ಟಿದ್ದರು. ಹಳ್ಳದ ಏರಿನ ಮೇಲೆ ಬಸ್ಸು ಕಂಡಿತು, ಹಾರ್ನ್ ಹಾಕಿತು, ಬಂದು ನಿಂತಿತು. ನಾನು ಹಾರ ಎತ್ತಿದೆ. ಬಾಗಿಲು ತೆರೆಯಿತು. ಮೊದಲು ಇಳಿದವಳು ನನ್ನ ತಂಗಿ! ಇಳಕಲ್ ಸೀರೆ ಉಟ್ಟು, ತಲೆಯಲ್ಲಿ ಹೂ ಮುಡಿದು, ಕೈಯಲ್ಲಿ ಟಿಫಿನ್ ಡಬ್ಬಿ ಹಿಡಿದು. ನಮ್ಮ ಊರಿಗೆ ಬಂದ ನಮ್ಮ ಬಸ್ಸಿನಲ್ಲಿ ನಮಗಿಂತ ಮೊದಲು ಕುಳಿತು ಬಂದಿದ್ದಳು.

“ನೀ ಯಾಕ ಬಂದಿ?” ಎಂದೆ, ಹಾರ ಕೈಯಲ್ಲೇ ಇತ್ತು.

“ಹತ್ತಾಕ ಬಂದೀನಿ.” ನೆಲಕ್ಕೆ ಎರಡೂ ಕಾಲು ಊರಿ, ಸುತ್ತ ನೋಡಿ, ಮತ್ತೆ ಬಸ್ಸು ಹತ್ತಿದಳು. ಕಂಡಕ್ಟರನಿಗೆ ಆಧಾರ್ ಕಾರ್ಡ್ ಚಾಚಿದಳು. “ಈ ಊರಿಂದ ಒಂದು ಹರಿಯಪ್ಪಾ, ಶಹಾಪುರಕ್ಕ.”

“ನೀವು ಆ ಊರವರಲ್ಲೇನ್ರಿ?”

“ಇಲ್ಲಿ ಇಳದೆ, ಇಲ್ಲಿ ಹತ್ತಿದೆ. ನೀನೇ ನೋಡಿದಿ. ಹರಿ ಸುಮ್ಮನ.”

ಅವನು ಹರಿದ. ನಮ್ಮ ಊರಿನಿಂದ ಹರಿದ ಮೊಟ್ಟಮೊದಲ ಟಿಕೆಟ್ ಅವಳದು. ನಮ್ಮ ಲೆಕ್ಕಕ್ಕೆ ಒಂದು ತಲೆ ಹೆಚ್ಚು. ತಿಂಗಳು ಪೂರ್ತಿ ದಿನಾ ಹಾಗೆ ಬಂದು ಇಳಿದು ಹತ್ತುತ್ತೇನೆಂದು ಡ್ರೈವರನಿಗೆ ಹೇಳುತ್ತಿದ್ದಳು. ಆ ಯುಕ್ತಿ ನನಗೆ ಹೊಳೆಯಲಿಲ್ಲ ನೋಡಿ, ಅವಳಿಗೇ ಹೊಳೆಯಿತು.

ನಾನು ಹಾರ ಹಾಕಿ, ಭಾವ ಕಾಯಿ ಒಡೆದು, ಎಲ್ಲ ಮುಗಿಸಿ ಒಳಗೆ ಬರುವಷ್ಟರಲ್ಲಿ ಹುಡುಗಿ ಕಿಟಕಿಯ ಪಕ್ಕ ಕುಳಿತಿದ್ದಳು. ಅವಳ ಪಕ್ಕ ತಂಗಿ. ಡಬ್ಬಿ ತೆರೆದು ಹುಡುಗಿಯ ಬಾಯಿಗೆ ಏನೋ ತಿನ್ನಿಸುತ್ತಿದ್ದಳು. ಇಬ್ಬರು ಕೂರುವ ಸೀಟು. ಹಿಂದೆ ಖಾಲಿ ಸೀಟುಗಳಿದ್ದವು. ನಾನು ಕಂಬಿ ಹಿಡಿದು ಅವರ ಪಕ್ಕದಲ್ಲೇ ನಿಂತೆ.

“ಸರಿ ಜರಾ,” ಎಂದೆ ತಂಗಿಗೆ.

“ಹಿಂದ ಜಾಗ ಅದಲ್ಲಕ್ಕ.”

“ಅದ. ನೀ ಸರಿ.”

ಅವಳು ಗೊಣಗುತ್ತ ಹುಡುಗಿಯ ಕಡೆ ಸರಿದಳು. ನನಗೆ ಅರ್ಧ ಕೂರುವಷ್ಟು ಜಾಗವಾಯಿತು. ಬಸ್ಸು ಹೊರಟಿತು.